ಸಾಹೇಬರ ಕಾಲರು

ಹೊಲಿಗೆ ಮೇಜಿನಿಂದ
ಬುಧವಾರ, ೧೨ನೇ ತಾರೀಕು

ಪ್ರೀತಿಯ ಅತ್ತೆಗೆ,

ನಿಮ್ಮ ಮಂಡಿನೋವು ಹೇಗಿದೆ? ನಾದಿನಿಯ ಕಾಲಿನ ಬಾವು ಇಳಿಯಿತೇ? ಹೆರಿಗೆಗೆ ಹತ್ತೇ ದಿನ ಇರುವಾಗ ಅವಳನ್ನು ಬಿಟ್ಟು, ಬೆಕ್ಕು ಸಾಹೇಬರಿಗೋಸ್ಕರ ನೀವು ಶನಿವಾರದ ಟಿಕೆಟ್ ಮಾಡಿಸಿದ್ದೀರೆಂದು ಕೇಳಿ ಕತ್ತರಿ ಕೆಳಗಿಟ್ಟೆ. ತಪ್ಪೆಲ್ಲ ನಿಮ್ಮ ಮಗನದು. “ಅಮ್ಮಾ, ಸಾಹೇಬನ ಕಣ್ಣು ಹೋಯ್ತು” ಎಂದು ಫೋನಿನಲ್ಲಿ ಹೇಳುವುದೇ? ಕಣ್ಣು ಎಲ್ಲಿಗೂ ಹೋಗಿಲ್ಲ, ಇದ್ದಲ್ಲೇ ಇದೆ. ಅದಕ್ಕೊಂದು ಗೀರು ಬಂದಿದೆ, ಅಷ್ಟೆ. ಫೋನಿನಲ್ಲಿ ನೀವು ನನಗೆ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ. ಕೊರಿಯರಿನವನು ನಾಳೆಯೇ ತಲುಪಿಸುತ್ತಾನಂತೆ.

ಭಾನುವಾರ ನಾನು ಷರ್ಟಿನ ಬಟ್ಟೆ ಕತ್ತರಿಸುತ್ತಿದ್ದಾಗ ಸಾಹೇಬರು ಎಂದಿನಂತೆ ತಪಾಸಣೆಗೆ ಬಂದು ಮೂತಿ ತೂರಿಸಿದರು. ಅಳತೆಯ ರಟ್ಟಿನ ಮೂಲೆ ಎಡಗಣ್ಣಿಗೆ ತಗುಲಿತು. ತಕ್ಷಣ ಬುಟ್ಟಿಯಲ್ಲಿ ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದೆ. “ಗೀರು ಮೇಲೆಮೇಲೆ ಇದೆ, ವಾರದಲ್ಲಿ ವಾಸಿಯಾಗುತ್ತೆ. ಉಜ್ಜಿಕೊಳ್ಳೋಕೆ ಬಿಟ್ರೆ ಮಾತ್ರ ಕಣ್ಣಿಗೇ ಕುತ್ತು” ಎಂದು, ದಿನಕ್ಕೆ ನಾಲ್ಕು ಸಲ ಹಾಕಲು ಹನಿ ಔಷಧಿ ಕೊಟ್ಟರು. ಪಂಜ ಕಣ್ಣಿಗೆ ತಾಗದಂತೆ ಕೊರಳಿಗೆ ಹಾಕುವ ಕಾಲರು ಅವರಲ್ಲಿ ಮುಗಿದಿತ್ತು. “ನಾನೇ ಹೊಲೀತೀನಿ ಬಿಡಿ” ಎಂದು ಬಿಂಕದಿಂದ ಬಂದೆ.

ಷರ್ಟಿನ ಕಾಲರಿನೊಳಗೆ ಹಾಕುವ ಗಟ್ಟಿ ಕ್ಯಾನ್ವಾಸಿನಲ್ಲೇ ಅಗಲಬಾಯಿಯ ಕಾಲರು ಹೊಲಿದು ಗುಂಡಿಯನ್ನೂ ಇಟ್ಟೆ. ಆದರೆ ಹದಿನೆಂಟು ವರ್ಷ ಹೊಲಿದ ಕೈ ಕೇಳಬೇಕಲ್ಲ! ಗಿರಾಕಿಗಳಿಗೆ ಬಿಡುವ ಹಾಗೆ ಕೊರಳಿಗೆ ಎರಡು ಬೆರಳು ಸಡಿಲ ಬಿಟ್ಟಿದ್ದೆ. ಸಾಹೇಬರು ಒಮ್ಮೆ ಮೈ ಕೊಡವಿ, ಕಾಲರನ್ನು ನನಗೇ ಬಿಟ್ಟುಕೊಟ್ಟು, ಬೀರುವಿನ ಮೇಲೇರಿ ಕಣ್ಣುಜ್ಜಲು ಪಂಜ ಎತ್ತಿದರು. ಸ್ಟೂಲು ಹತ್ತಿ ಆ ಪಂಜ ಹಿಡಿದುಕೊಂಡೆ; ಮುಂಗೈಯಲ್ಲಿ ಈಗ ಸಾಹೇಬರ ರುಜು ಇದೆ. ಗುಂಡಿಯನ್ನು ಒಂದು ಬೆರಳು ಒಳಕ್ಕೆ ಸರಿಸಿದ ಮೇಲೆ ಕಾಲರೂ ಕೂತಿದೆ, ಸಾಹೇಬರೂ ಕೂತಿದ್ದಾರೆ.

ಸೂಜಿಯ ಕಣ್ಣಿಗೆ ದಾರ ಪೋಣಿಸುವವಳಿಗೆ ಬೆಕ್ಕಿನ ಕಣ್ಣಿಗೆ ಹನಿ ಹಾಕುವುದು ಯಾವ ಮಹಾ ಎಂದುಕೊಂಡಿದ್ದೆ. ಸೂಜಿ ಪರಚುವುದಿಲ್ಲ, ಅದೇ ವ್ಯತ್ಯಾಸ. ಈಗ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಹಿಂದಿನಿಂದ ಹನಿ ಬಿಡುತ್ತೇನೆ. ಇವತ್ತು ಡಾಕ್ಟರಮ್ಮ ನೋಡಿ “ಅರ್ಧ ಗುಣ ಆಗಿದೆ ಕಣ್ರೀ” ಎಂದರು. ಭಾನುವಾರ ಕಾಲರು ಕಳಚಬಹುದಂತೆ.

ನಾದಿನಿಗೆ ನನ್ನ ಮುದ್ದು, ಬರಲಿರುವ ಪುಟಾಣಿಗೆ ಮುಂಗಡ ಮುದ್ದು.

ನಿಮ್ಮ (ಪರಚಿಸಿಕೊಂಡ) ಸೊಸೆ

ಹೇಳುವುದೇ ಮರೆತೆ: ಆಸ್ಪತ್ರೆಯ ಚೀಟಿಯಲ್ಲಿ ‘ಸಾಕಿದವರು’ ಎಂಬಲ್ಲಿಗೆ ನಿಮ್ಮ ಹೆಸರು ಹೇಳಲು ಬಾಯಿ ತೆರೆದೆ, ನನ್ನ ಹೆಸರು ಬಂತು. ತಿದ್ದಿಸಿಲ್ಲ. ನೀವು ಶನಿವಾರ ಬಂದರೆ ಸಾಹೇಬ ನಿಮ್ಮ ಮಡಿಲು ಸೇರುತ್ತಾನೆ, ನಾನು ಮತ್ತೆ ಬರೀ ಹೊಲಿಗೆಯವಳು. ಟಿಕೆಟ್ ವಾಪಸ್ ಮಾಡಿ ಅತ್ತೆ. ಉಳಿದ ಹನಿಗಳನ್ನು ನಾನೇ ಹಾಕಿ ಮುಗಿಸುತ್ತೇನೆ.