ಸಂತೆಗೆ ಬರಲಾಗದವರ ಜ್ವರ

ಹೊಸ ಗುಳಿಗೆಯ ಪರೀಕ್ಷೆ ನಡೆಸಿದ ಮಾನ್ಯ ಆರೋಗ್ಯಾಧಿಕಾರಿಗಳೇ,

ಬುಕ್ಕಾಂಬುಧಿಯಿಂದ ಚಳಿಜ್ವರ ಹೋಯಿತೆಂದು ತಾವು ಸಾರಿದ್ದೀರಿ. ಜ್ವರಕ್ಕೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಗುಳಿಗೆ ಪಡೆದವರೆಲ್ಲ ಗುಣಮುಖರಾದರೆಂದು ಹೇಳಿ, ರಕ್ತ ಪರೀಕ್ಷಿಸಲು ಊರಿಗೆ ಬರುತ್ತಿದ್ದ ವೈದ್ಯರನ್ನೂ ನಿಲ್ಲಿಸಿದ್ದೀರಿ. ಆ ಗುಳಿಗೆಯನ್ನು ತಪ್ಪದೆ ನುಂಗಿದ ನನ್ನ ಚಿಕ್ಕಮ್ಮ ಉಚ್ಚಂಗಮ್ಮ ಈಗಲೂ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊದ್ದು ನಡುಗುತ್ತಿದ್ದಾಳೆ.

ಈ ಫಲಿತಾಂಶ ತಮಗೆ ಸಿಕ್ಕಿದ್ದೆಲ್ಲಿ? ಅಜ್ಜಂಪುರದ ಸಂತೆಯಲ್ಲಿ. ಗುಳಿಗೆ ಪಡೆದವರು ಅಲ್ಲಿಗೆ ಬಂದು ಹೇಗಿದ್ದೇವೆಂದು ತಿಳಿಸಬೇಕೆಂದು ಡಂಗುರ ಸಾರಿಸಿದಿರಿ. ಸಂತೆಗೆ ಬರುವವರು ಯಾರು? ತಲೆಯ ಮೇಲೆ ಕುಕ್ಕೆ ಹೊತ್ತು ನಡೆಯಬಲ್ಲವರು. ಬಾರದವರು? ‘ಗುಣವಾಗಿರಬೇಕು, ಇಲ್ಲದಿದ್ದರೆ ಬಂದು ದೂರುತ್ತಿದ್ದರು’ ಎಂದು ಅವರನ್ನೂ ಗುಣವಾದವರ ಕಡೆಗೇ ಸೇರಿಸಿದಿರಿ. ಈ ನ್ಯಾಯದಲ್ಲಿ ಸ್ಮಶಾನದಲ್ಲಿ ಮಲಗಿದವರಷ್ಟು ಆರೋಗ್ಯವಂತರು ಯಾರಿದ್ದಾರೆ, ಸ್ವಾಮಿ? ಅವರಲ್ಲಿ ಒಬ್ಬರೂ ದೂರು ತಂದವರಲ್ಲ.

ಬಂದವರ ಸಾಕ್ಷ್ಯವಾದರೂ ಗಟ್ಟಿಯೇ? ನೆರೆಮನೆಯ ಕರಿಸಿದ್ದಪ್ಪ ತಮ್ಮೆದುರು ಕೈಮುಗಿದು ‘ಪೂರಾ ಗುಣ’ ಎಂದ. ಅವನ ಗುಳಿಗೆಗಳು ಸೂರಿನ ಸಂದಿಯಲ್ಲಿ ಇಟ್ಟಂತೆಯೇ ಇವೆ. ಯಾಕೆಂದು ನಾನು ಕೇಳಿದ್ದಕ್ಕೆ, “ಕಹಿ ಕಣೋ ಅಂಜಿನಪ್ಪ, ಯಾವನು ನುಂಗ್ತಾನೆ? ಸಾಹೇಬ್ರು ಅಷ್ಟು ದೂರದಿಂದ ಬಂದವ್ರೆ, ಇಲ್ಲ ಅಂದ್ರೆ ನೊಂದ್ಕಳಲ್ವಾ?” ಎಂದ.

ಚಿಕ್ಕಮ್ಮ ಕಂಬಳಿಯೊಳಗಿನಿಂದಲೇ ಕೂಗಿದಳು: “ಲೇ ಕರಿಸಿದ್ದ, ನಿನ್ ಮರ್ಯಾದೆಗೆ ಊರಿಗ್ ಬರೋ ಡಾಕ್ಟ್ರು ಹೋದ್ರು ಕಣೋ! ನಾನು ಸಂತೆಗೆ ಹೋಗಂಗಿದ್ರೆ ಗುಳಿಗೆ ಯಾಕೋ ಬೇಕಿತ್ತು?”

ಗುಳಿಗೆ ನುಂಗದ ಕರಿಸಿದ್ದಪ್ಪನಿಗೂ ಜ್ವರ ಬಿಟ್ಟಿದ್ದು ನಿಜ. ಮಳೆ ನಿಂತು ಕೆರೆಯಂಚಿನ ಹೊಂಡಗಳು ಒಣಗಿದರೆ ಪ್ರತಿವರ್ಷವೂ ಹಲವರಿಗೆ ಬಿಡುತ್ತದೆ. ಹಾಗಾದರೆ ಗುಣಪಡಿಸಿದ್ದು ಗುಳಿಗೆಯೋ, ಬಿಸಿಲೋ? ಹೊಸ ತಳಿಯ ರಾಗಿ ಬಿತ್ತುವವನೂ ಪಕ್ಕದಲ್ಲಿ ನಾಲ್ಕು ಸಾಲು ಹಳೆಯ ಬೀಜ ಬಿತ್ತಿ ನೋಡುತ್ತಾನೆ. ತಾವು ಯಾರಿಗೂ ಇದುವರೆಗೆ ಕೊಡುತ್ತಿದ್ದ ಹಳೆಯ ಗುಳಿಗೆ ಕೊಟ್ಟು ಹೋಲಿಸಲಿಲ್ಲ. ನಾನು ವೈದ್ಯನಲ್ಲ, ವಿಜ್ಞಾನದ ಕಿರುಹೊತ್ತಗೆಗಳನ್ನು ಓದಿ ಕಲಿತವನು. ಆದರೆ ಹೋಲಿಸದೆ ಹೊಗಳುವುದನ್ನು ವಿಜ್ಞಾನವೆಂದು ಆ ಹೊತ್ತಗೆಗಳೂ ಒಪ್ಪುವುದಿಲ್ಲ.

ಆದ್ದರಿಂದ ಬೇಡುತ್ತಿಲ್ಲ, ಕೇಳುತ್ತಿದ್ದೇನೆ: ವೈದ್ಯರನ್ನು ಈ ವಾರವೇ ಮರಳಿ ಕಳುಹಿಸಿ. ಪರೀಕ್ಷೆಯನ್ನು ಮತ್ತೆ ನಡೆಸಿ. ಯಾರಿಗೆ ಹೊಸ ಗುಳಿಗೆ, ಯಾರಿಗೆ ಹಳೆಯದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ರಕ್ತ ನೋಡುವವರಿಗೆ ಅದು ತಿಳಿಯದಿರಲಿ. ಸಂತೆಯಲ್ಲಿ ಕೂರಬೇಡಿ, ಮನೆಮನೆಗೆ ಬನ್ನಿ. ನಮ್ಮ ಬಾಗಿಲು ತಗ್ಗು, ತಲೆ ಬಾಗಿಸಬೇಕಾದೀತು.

ಇಂತಿ,
ತಮ್ಮ ಲೆಕ್ಕದಲ್ಲಿ ಗುಣವಾದವಳ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕುಳಿತಿರುವ
ಅಂಜಿನಪ್ಪ
ಬುಕ್ಕಾಂಬುಧಿ, 1978