ನಯನಳ ಎರಡನೇ ಬಟ್ಟಲು

ಅಂಜನಾಪುರ
17-7-2025, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರಂತೆ ಡಾಕ್ಟರು. ಕುಪ್ಪಗಡ್ಡೆಯ ನಿಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆ ಬಾಗಿಲಲ್ಲಿ ಮಾತ್ರ, ನೀನು ಅಲ್ಲಿಗೆ ನಡೆಯುವಂತಿಲ್ಲ. ಅದಕ್ಕೇ ಈ ಕಾಗದ. ಅತ್ತೆಯವರು ಕೊಡುವ ರಾಗಿ ಗಂಜಿಗೆ ಮುಖ ಸಿಂಡರಿಸದೆ ಕುಡಿ.

ನಿನ್ನ ರಜೆ ಮುಗಿಯುವವರೆಗೆ ನಾನು ಪಾಠ ಮಾಡುತ್ತಿರುವ ನಿನ್ನ ಒಂಬತ್ತನೇ ತರಗತಿಯ ಸುದ್ದಿ ಹೇಳುತ್ತೇನೆ. ಜೀವಿಗಳ ರಸಾಯನಶಾಸ್ತ್ರವನ್ನು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಮೋಸ ಎಂದು ನಾನು ಓದಿದ ಕಿರುಹೊತ್ತಿಗೆಗಳೆಲ್ಲ ಹೇಳುತ್ತವೆ. ಹಾಗಾಗಿ ಸೋಮವಾರ ಎಲ್ಲರಿಗೂ ಮನೆಯ ಹಾಲು ತರಲು ಹೇಳಿದ್ದೆ. ಹಾಲಿಗೆ ಯಾರಾದರೂ ಯೂರಿಯಾ ಬೆರೆಸಿದ್ದರೆ ಸೋಯಾ ಕಾಳಿನ ಪುಡಿಯಲ್ಲಿರುವ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಗ ಅರಿಶಿನ ಬಳಿದ ಕಾಗದ ಅದ್ದಿದರೆ ಕೆಂಪಾಗುತ್ತದೆ, ಆರತಿ ತಟ್ಟೆಯ ಅರಿಶಿನದ ನೀರು ಸುಣ್ಣ ಬಿದ್ದೊಡನೆ ಕೆಂಪಾಗುವ ಹಾಗೆ. ಮನೆಮನೆಯಲ್ಲೂ ಹಸು ಎಮ್ಮೆ ಇರುವ, ಮನೆಮನೆಯಲ್ಲೂ ಯೂರಿಯಾ ಚೀಲ ಇರುವ ಊರಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಎಲ್ಲರ ಕಾಗದವೂ ಹಳದಿಯಾಗಿಯೇ ಉಳಿಯಿತು. ನಯನಳದು ಮಾತ್ರ ಕೆಂಪಗಾಯಿತು. ಹಿಂದಿನ ಬೆಂಚಿನಿಂದ ಸಿದ್ಧಲಿಂಗೇಶ, "ನಯನನ ಮನಿ ಎಮ್ಮಿ ಗೊಬ್ಬರದ ಅಂಗಡೀಗೆ ಮೇಯಾಕೆ ಹೋಗ್ತದ ಕಣ್ರಲೇ!" ಎಂದು ಕೂಗಿದ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ ಅಕ್ಕ, ನನಗೆ ಸಿಟ್ಟು ಬಂದಿತ್ತು. ಮಕ್ಕಳ ಬಾಯಿಗೆ ವಿಷ ಹಾಕುವವರನ್ನು ಬಿಡಬಾರದೆಂದು ಸಂಜೆಯೇ ಕೂತು 'ಹಾಲಿನಲ್ಲಿ ವಿಷ, ಎಚ್ಚೆತ್ತುಕೊಳ್ಳಿ' ಎಂದು ಕರಪತ್ರ ಬರೆಯತೊಡಗಿದೆ. ಅಷ್ಟರಲ್ಲಿ ಸುದ್ದಿ ಡೇರಿ ಮುಟ್ಟಿತ್ತು. ಮಂಗಳವಾರ ಬೆಳಿಗ್ಗೆ ನಯನಳ ತಾಯಿ ತುಂಗಮ್ಮನವರ ಕ್ಯಾನನ್ನು ಅಳೆಯದೆ ವಾಪಸು ಕಳಿಸಿದರು. ಅವರು ಆ ಕ್ಯಾನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಯ ಬಾಗಿಲಿಗೆ ಬಂದು ನಿಂತರು. "ಮೇಷ್ಟ್ರೇ, ನೀರು ಹಾಕಿದ್ರೆ ಹಾಕೀನಿ ಅಂತ ಒಪ್ಕೊಂತೀನ್ರೀ. ಗೊಬ್ಬರ ಹಾಕೋಳು ನಾನಲ್ಲ" ಎಂದರು.

ಅವರ ಹಿಂದೆಯೇ ನಯನ. ಅತ್ತು ಕಣ್ಣು ಊದಿತ್ತು, ಆದರೆ ಒಂದು ಕೈಯಲ್ಲಿ ಹಿಂದಿನ ದಿನದ್ದೇ ಸೀಸೆ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ. ಎರಡರಲ್ಲೂ ಅವತ್ತೇ ಕರೆದ ಹಾಲು. ನನ್ನನ್ನು ಏನೂ ಕೇಳದೆ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟು ನಿನ್ನ ಹೆಸರೆತ್ತಿದಳು. "ಮೇಘನಾ ಟೀಚರ್ ಹೇಳ್ತಿದ್ರು ಸರ್, ಏನು ಹಾಕಿ ನೋಡ್ತೀರೋ ಅದನ್ನ ಹಾಕದೇ ಇರೋ ಬಟ್ಲೂ ಒಂದು ಇಡ್ಬೇಕು ಅಂತ." ಸೀಸೆಯ ಹಾಲನ್ನು ಎರಡಕ್ಕೂ ಸುರಿದು, ಸೋಯಾ ಪುಡಿಯನ್ನು ಮೊದಲನೆಯದಕ್ಕೆ ಮಾತ್ರ ಹಾಕಿದಳು. ಕಾದು ಕಾಗದ ಅದ್ದಿದಾಗ ಎರಡೂ ಕೆಂಪು! ಸೋಯಾ ಬೀಳದೆಯೇ ಕೆಂಪಾದರೆ ಅದು ಯೂರಿಯಾದ ಕೆಲಸವಲ್ಲ. ಆಮೇಲೆ ಡಬ್ಬಿಯ ಹಾಲಿಗೆ ಸೋಯಾ ಹಾಕಿದಳು. ಎಷ್ಟು ಹೊತ್ತು ಕಾದರೂ ಹಳದಿ.

ಹಾಗಾದರೆ ತಪ್ಪು ಸೀಸೆಯದು. 'ಚೆನ್ನಾಗಿ ತೊಳೆದು ತನ್ನಿ' ಎಂದಿದ್ದವನು ನಾನೇ. ಸೀಸೆಯ ಬಾಯಿ ಸಣ್ಣದು, ಕೈ ಹೋಗುವುದಿಲ್ಲ. ಎರಡು ದಿನವೂ ಒಲೆಯ ಬೂದಿ ತುಂಬಿ, ನೀರು ಹಾಕಿ ಕುಲುಕಿದ್ದಾಳೆ. ಬೂದಿಯೂ ಸುಣ್ಣದ ಹಾಗೆ ಕ್ಷಾರವಲ್ಲವೇ, ತಳದಲ್ಲಿ ಒಂದಿಷ್ಟು ಅಂಟಿ ಉಳಿದಿತ್ತು. ಇಡೀ ತರಗತಿಯಲ್ಲಿ ನನ್ನ ಮಾತನ್ನು ಮನಸ್ಸಿಟ್ಟು ಪಾಲಿಸಿದ ಒಬ್ಬಳೇ ಹುಡುಗಿ ಕಳ್ಳಿಯಾಗಿದ್ದಳು!

ಸಂಜೆ ಹಾಲು ಹಾಕುವ ಹೊತ್ತಿಗೆ ತರಗತಿಯೆಲ್ಲ ಡೇರಿಗೆ ಹೋದೆವು. ಬಟ್ಟಲುಗಳ ತಟ್ಟೆ ಹೊತ್ತವನು ಸಿದ್ಧಲಿಂಗೇಶ, ಅದು ನಯನ ವಿಧಿಸಿದ ಶಿಕ್ಷೆ. ಸಾಲಿನಲ್ಲಿ ನಿಂತವರ ಎದುರು ಅವಳು ಎಲ್ಲವನ್ನೂ ಮತ್ತೆ ಮಾಡಿ ತೋರಿಸಿದಳು. ಕ್ಯಾನಿನ ಹಾಲಿನಲ್ಲೂ ಕಾಗದ ಹಳದಿಯಾಗಿ ಉಳಿದಾಗ ತುಂಗಮ್ಮ ಕ್ಯಾನನ್ನು ಅಳತೆಗೆ ಮುಂದಿಟ್ಟರು. ಅಳೆದರು. ನಾನು ಎಷ್ಟೋ ಹೊತ್ತಿಗೆಗಳಲ್ಲಿ ವಿಜ್ಞಾನದ ಧೈರ್ಯದ ಬಗ್ಗೆ ಓದಿದ್ದೇನೆ ಅಕ್ಕ, ಕಣ್ಣಾರೆ ಕಂಡದ್ದು ಅವತ್ತು. ನೀನು ಪಾಠದ ನಡುವೆ ಹೇಳಿಹೋದ ಒಂದು ಮಾತು ಒಂದು ಮನೆಯ ಮಾನ ಉಳಿಸಿತು.

ಭಾವನಿಗೂ ಅತ್ತೆಯವರಿಗೂ ನಮಸ್ಕಾರ ತಿಳಿಸು. ಹೊಟ್ಟೆಯಲ್ಲಿರುವ ಪುಟ್ಟ ವಿಜ್ಞಾನಿಗೆ ಮಾವನ ಮುತ್ತು.

ನಿನ್ನ ತಮ್ಮ,
ತೀರ್ಥೇಶ

ಮರೆತಿದ್ದೆ: ಇದರ ಜೊತೆ ಎರಡು ಅರಿಶಿನದ ಕಾಗದ ಇಟ್ಟಿದ್ದೇನೆ. ನನ್ನ ಕರಪತ್ರವನ್ನೇ ಕತ್ತರಿಸಿ ಮಾಡಿದ್ದು, ಹಿಂದಿನ ಅಕ್ಷರ ಓದಬೇಡ. ಡೇರಿಯಿಂದ ಬರುವಾಗ ನಯನ ಕೇಳಿದಳು, "ಸರ್, ಸೋಮವಾರ ನೀವ್ಯಾಕೆ ಎರಡನೇ ಬಟ್ಲು ಇಡ್ಲಿಲ್ಲ?" ಎರಡು ದಿನದಿಂದ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ. ನಾಳೆ ಮೊದಲನೇ ಪೀರಿಯಡ್ಡಿನಲ್ಲಿ ಎಲ್ಲರೆದುರು ಉತ್ತರ ಹೇಳುತ್ತೇನೆ. ತುಂಗಮ್ಮನವರಿಗೂ ಬರಲು ಹೇಳಿ ಕಳಿಸಿದ್ದೇನೆ.