ಕೆಚಪ್ ಹಾಕಿಸಿಕೊಂಡೆ

ಅಕ್ಟೋಬರ್ 12, ಶನಿವಾರ. ಶಿಕಾಗೋ.

ನಾನು ಮಾಡಿದ್ದರಲ್ಲಿ ತಪ್ಪೇನಿದೆ? ಹಾಟ್‌ಡಾಗ್‌ಗೆ ಕೆಚಪ್ ಕೇಳಿದೆ, ಅಷ್ಟೇ. ಗಾಡಿಯವನು ಇಕ್ಕಳ ಕೆಳಗಿಟ್ಟ.

"ಈ ಊರಲ್ಲಿ ಸಾಸಿವೆ ಸಾಸ್ ಮಾತ್ರ, ಮೇಡಂ. ಕೆಚಪ್ ಚಿಕ್ಕಮಕ್ಳಿಗೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಎರಡು ದಿನ ನಮಗೆ ಊರು ತೋರಿಸಲು ಹೊರಟಿರುವ ಗೆಳತಿ ಮಾರ್ಲೀನ್ ನನ್ನ ತೋಳು ಜಗ್ಗಿದಳು. "ಮಾನ ಕಳೀಬೇಡ ಕಣೇ! ಇಲ್ಲಿ ಯಾರೂ ಹಂಗೆ ತಿನ್ನಲ್ಲ."

"ನಾನು ತಿನ್ತೀನಿ. ಹಾಕಪ್ಪಾ, ಇನ್ನೊಂದು ಸುತ್ತು ಹಾಕು."

ಅವಳೆದುರೇ ಬೆರಳು ನೆಕ್ಕಿಕೊಂಡು ತಿಂದೆ.

ನನ್ನ ಸಿಟ್ಟು ಅವಳ ಮೇಲಲ್ಲ. ಮನೆಯಲ್ಲಿ ಮೊಟ್ಟೆಗೂ ಕೆಚಪ್ ಸುರಿದುಕೊಳ್ಳುವ ನನ್ನ ಗಂಡ ಗ್ಲೆನ್, ಅಲ್ಲಿ ತೆಪ್ಪಗೆ ಸಾಸಿವೆ ಸಾಸನ್ನೇ ಹಾಕಿಸಿಕೊಂಡು ತಿಂದ. ಈಗ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾನೆ.

ಅವನ ಕೋಟು ನೇತುಹಾಕುವಾಗ ಜೇಬಿನಲ್ಲಿ ಆರು ಕೆಚಪ್ ಪೊಟ್ಟಣ ಸಿಕ್ಕವು. ಹೋಟೆಲಿನ ಬೆಳಗಿನ ತಿಂಡಿ ಮೇಜಿನಿಂದ ಎತ್ತಿಕೊಂಡಿದ್ದು. ಹೇಡಿ! ನಾಳೆ ಎಲ್ಲರೆದುರು ಅವನ ತಟ್ಟೆಯ ಪಕ್ಕ ಆರನ್ನೂ ಸಾಲಾಗಿ ಇಡುತ್ತೇನೆ. ಒಂದನ್ನಾದರೂ ಹರಿಯಲಿ, ಆಮೇಲೆ ನನ್ನ ಗಂಡ ಅನ್ನುತ್ತೇನೆ.